ಅಪ್ಪನ ನೀಲಿ ಕೋಟು

ಟೈಲರ್ ಮಕ್ಕಳಿಗೇನು, ಬಟ್ಟೆಯ ಚಿಂತೆಯೇ ಇಲ್ಲ ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮದುವೆಯಾಗುವವರೆಗೂ ನಾನು ಹಾಕಿಕೊಂಡದ್ದೆಲ್ಲ ಊರವರ ಬಟ್ಟೆ.

ಅಪ್ಪ ಈ ದೇಶಕ್ಕೆ ಬಂದಾಗ ಜೊತೆಗಿದ್ದದ್ದು ಒಂದು ಕತ್ತರಿ, ಒಂದು ಟೇಪು ಮತ್ತು ಅಮ್ಮ. ಇಲ್ಲಿನ ಭಾಷೆಯಲ್ಲಿ ಅವರು ಮೊದಲು ಕಲಿತ ಮಾತು 'ನಾಳೆ ಬನ್ನಿ'. ಅದೊಂದರಲ್ಲೇ ಅಂಗಡಿ ಎರಡು ವರ್ಷ ನಡೆಯಿತು. ಇಲ್ಲಿನವರ ಹೆಸರುಗಳಿಗೆ ಅವರ ನಾಲಿಗೆ ಹೊರಳುತ್ತಿರಲಿಲ್ಲ. ಅಳತೆ ಪುಸ್ತಕದಲ್ಲಿ 'ಎಡಭುಜ ಇಳಿದವರು', 'ಹೊಟ್ಟೆ ಮುಂದಿನವರು', 'ಕತ್ತೇ ಇಲ್ಲದವರು' ಎಂದು ಬರೆದುಕೊಳ್ಳುತ್ತಿದ್ದರು. ಹೊಲಿಯಲು ಕೊಟ್ಟು ಮರೆತವರನ್ನು ಇನ್ನೆಲ್ಲಿ ಹುಡುಕುವುದು? ಕತ್ತಿಲ್ಲದವರ ಮನೆ ಎಲ್ಲಿ ಅಂತ ಬೀದಿಯಲ್ಲಿ ಕೇಳಲಾದೀತೇ?

ಒಂದು ವರ್ಷ ಕಾದು ಅಂಥ ಬಟ್ಟೆಗಳನ್ನು ಮನೆಗೆ ತರುತ್ತಿದ್ದರು. ಆದರೆ ಒಂದು ಹೊಲಿಗೆಯನ್ನೂ ಬಿಚ್ಚುವಂತಿಲ್ಲ. "ಅವರು ಬಂದ್ರೆ?" ಎಂದುಬಿಟ್ಟರೆ ಮುಗಿಯಿತು, ಅದರ ಮೇಲೆ ಮಾತಿಲ್ಲ. ನನ್ನ ತಮ್ಮ ಯಾವನೋ ಬ್ಯಾಂಡಿನವನ ಕೆಂಪು ಪಟ್ಟಿ ಪ್ಯಾಂಟನ್ನು ಎದೆಯವರೆಗೆ ಎಳೆದು ಕಟ್ಟಿಕೊಂಡು ಸ್ಕೂಲಿಗೆ ಹೋದ. ನಾನು ದಪ್ಪ ನರ್ಸೊಬ್ಬಳ ಸಮವಸ್ತ್ರದಲ್ಲಿ ಪರೀಕ್ಷೆ ಬರೆದೆ. ಪಕ್ಕದ ಬೆಂಚಿನವಳು ತಲೆನೋವಿಗೆ ಮಾತ್ರೆ ಕೇಳಿದಳು. ಒಮ್ಮೆ ಬಸ್ಸಿನಲ್ಲಿ ತಾವು ತೊಟ್ಟಿದ್ದ ಶರ್ಟಿನ ಒಡೆಯನೇ ಸಿಕ್ಕು, ಅಪ್ಪ ಅಲ್ಲೇ ಬಿಚ್ಚಿಕೊಟ್ಟು ಬನಿಯನ್ನಿನಲ್ಲಿ ಮನೆಗೆ ಬಂದರು. "ನೋಡಿದ್ಯಾ? ನಾನು ಹೇಳಿರ್ಲಿಲ್ವಾ, ಬರ್ತಾರೆ ಅಂತ!" ಎಂದು ಅಮ್ಮನ ಮುಂದೆ ಜಂಭ ಬೇರೆ.

ಬೀದಿಯವರು ಬಿದ್ದು ಬಿದ್ದು ನಕ್ಕರು. ಅಮ್ಮನಿಗೆ ಮಾತ್ರ ಆ ನಗು ಸಹಿಸಲಾಗುತ್ತಿರಲಿಲ್ಲ. ಅಪ್ಪ ತೀರಿಕೊಂಡ ತಿಂಗಳಿಗೆ ಟೈಲರುಗಳ ಸಂಘದವರು ಅವರ ನೆನಪಿಗೆ ಒಂದು ಸಭೆ ಇಟ್ಟರು. ಹೊರಡುವ ಮುಂಚೆ ಅಮ್ಮ ನನ್ನ ಕೈ ಹಿಡಿದುಕೊಂಡರು.

"ಏನ್ ಬೇಕಾದ್ರೂ ಮಾತಾಡು. ಆದ್ರೆ ಸಭೇಲಿ ಇಡೋ ಫೋಟೋದಲ್ಲಿರೋ ನೀಲಿ ಕೋಟು ಅವರು ತಮಗೋಸ್ಕರಾನೇ ಹೊಲ್ಕೊಂಡಿದ್ದು ಅಂತ ಹೇಳು. ಇವತ್ತೊಂದಿನಾನಾದ್ರೂ ಯಾರೂ ನಗಬಾರದು ಕಣೆ."

ಮೈಕಿನ ಮುಂದೆ ನಿಂತು ಹಾಗೇ ಹೇಳಿದೆ. ಮುಂದಿನ ಸಾಲಿನಲ್ಲಿದ್ದ ಮುದುಕರೊಬ್ಬರು ಕನ್ನಡಕ ಒರೆಸಿಕೊಂಡು ಫೋಟೋವನ್ನೇ ನೋಡತೊಡಗಿದರು. ಅವರ ಎಡಭುಜ ಇಳಿದಿತ್ತು. ನಾನೂ ತಿರುಗಿ ನೋಡಿದೆ. ಅಪ್ಪನದು ನೆಟ್ಟಗಿನ ಭುಜ. ಕೋಟಿನ ಎಡಭುಜ ಮಾತ್ರ ಹತ್ತಿ ತುಂಬಿ ಗುಡ್ಡದ ಹಾಗೆ ಎದ್ದಿತ್ತು. ಇಳಿದ ಭುಜಕ್ಕೆಂದೇ ಹೊಲಿದ ಕೋಟು ಅದು.

ಸುಮ್ಮನಿರುವುದು ನನ್ನ ಜಾಯಮಾನದಲ್ಲೇ ಇಲ್ಲ. ಅವರನ್ನೇ ದುರುಗುಟ್ಟಿ ನೋಡುತ್ತಾ, "ಇದು ನಮ್ಮಪ್ಪಂದೇ ಕೋಟು. ಯಾರಿಗಾದ್ರೂ ಅನುಮಾನ ಇದ್ರೆ ಈಗ್ಲೇ ಹೇಳ್ಬಿಡಿ!" ಎಂದುಬಿಟ್ಟೆ. ಇಡೀ ಸಭೆ ಅವರತ್ತ ತಿರುಗಿತು. ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಮುದುಕರು ನಿಧಾನಕ್ಕೆ ಎದ್ದರು.

"ಹೊಲಿಯೋಕೆ ಕೊಟ್ಟಿದ್ದು ನಾನಮ್ಮಾ. ತಗೊಂಡು ಹೋಗೋಕೆ ಬಂದಾಗ ಅವರು ಅದನ್ನ ಹಾಕ್ಕೊಂಡು ಕನ್ನಡಿ ಮುಂದೆ ನಿಂತಿದ್ರು. ಹೀಗೆ ತಿರುಗೋರು, ಹಾಗೆ ತಿರುಗೋರು, ಒಬ್ರೇ ನಗೋರು. ನನಗೆ ಒಳಗೆ ಹೋಗೋಕೆ ಮನಸ್ಸೇ ಬರ್ಲಿಲ್ಲ. ಅವರೇ ಹಾಕ್ಕೊಳ್ಲಿ ಅಂತ ಬಾಗಿಲಿಂದಾನೇ ವಾಪಸ್ ಹೋದೆ. ಮತ್ತೆ ಆ ಬೀದಿ ಕಡೆ ಬರ್ಲೇ ಇಲ್ಲ."

ಯಾರೂ ನಗಲಿಲ್ಲ. ಅಮ್ಮ ಎದ್ದರು. ನೋಡಿದರೆ ಅವರಿಗೆ ಎಲ್ಲಾ ಗೊತ್ತಿತ್ತು.

"ಬರ್ಲಿಲ್ಲ ಅಂತ ನನಗ್ ಗೊತ್ತಿಲ್ವಾ ಸ್ವಾಮಿ? ಹನ್ನೊಂದು ವರ್ಷ ಅದನ್ನ ಬಿಸಿಲಿಗೆ ಹಾಕಿ ತೆಗೆದೋಳು ನಾನು! ಬೇರೆ ಬಟ್ಟೆಗೆ ಒಂದು ವರ್ಷ ಕಾಯೋರು, ಇದಕ್ಕೆ ಹನ್ನೊಂದು. ಆಸೆಪಟ್ಟಿದ್ದಲ್ವಾ, ಮುಟ್ಟೋಕೇ ಭಯ. ಕೊನೆಗೆ ಆ ಫೋಟೋಗೆ ಅಂತ ಒಂದೇ ಒಂದು ಸಲ ಹಾಕ್ಕೊಂಡ್ರು. ಅಷ್ಟರಲ್ಲಿ ಹೊಟ್ಟೆ ಬಂದು ಗುಂಡಿ ಸೇರ್ಲಿಲ್ಲ. ಸ್ವಲ್ಪ ಬಿಚ್ಚಿ ಹೊಲ್ಕೊಳ್ಳೀಂದ್ರೆ, 'ಅವರು ಬಂದ್ರೆ' ಅಂದ್ರು. ಒಂದು ಮಾತು ಹೇಳಿ ಹೋಗೋಕೆ ನಿಮಗೇನಾಗಿತ್ತು?"

ಮುದುಕರು ಮೆಲ್ಲಗೆ ಫೋಟೋದ ಮುಂದೆ ಹೋಗಿ ನಿಂತರು. ಅಂಗಡಿಯ ಬಾಗಿಲಲ್ಲಿ ನಿಂತು ಕೂಗುವವರಂತೆ ಗಟ್ಟಿಯಾಗಿ, "ಟೈಲರೇ, ಆ ಕೋಟು ನನಗೆ ಬೇಡ. ನೀವೇ ಇಟ್ಕೊಳ್ಳಿ" ಎಂದರು.

ತಿಂಗಳಿಂದ ಒಂದು ಹನಿ ಕಣ್ಣೀರು ಹಾಕದಿದ್ದ ಅಮ್ಮ ಗೊಳೋ ಎಂದು ಅತ್ತುಬಿಟ್ಟರು. ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ನನ್ನತ್ತ ಕೈ ಮಾಡಿದರು.

"ಈಗ ಹೇಳೇ ಮೈಕಲ್ಲಿ, ಅದು ಅವರದೇ ಕೋಟು ಅಂತ."

ಹೇಳಿದೆ.