ಹತ್ತೊಂಬತ್ತು ಕಿಲೋ ಕೈ

“ಮುಟ್ಟು ನಿಂತ ಮೇಲೆ ಹೆಂಗಸಿನ ಕೈ ಅಂದ್ರೆ ಒದ್ದೆ ಚಿಂದಿ ಇದ್ದ ಹಾಗೆ. ಹೇಳು ಅವಳಿಗೆ,” ಎಂದ ಮೇಲ್ವಿಚಾರಕ ಟ್ರೆಂಟ್. “ನಿಮ್ಮಮ್ಮ ಅಂತ ಸಕ್ಕರೆ ಬೆರೆಸಬೇಡ.”

ನಾನು ಹೇಳಿದ್ದು ಇಷ್ಟು: “ವಸಿ ಸುಸ್ತಾಗಿದ್ದೀಯ ಅಂತಾರೆ ಕಣವ್ವ.”

ಅರ್ಕನ್ಸಾದ ಈ ಕೋಳಿ ಕಾರ್ಖಾನೆಯಲ್ಲಿ ಇಂಗ್ಲಿಷ್ ಬರುವವರು ಮೇಲೆ, ಬಾರದವರು ಕೆಳಗೆ. ಡಿಗ್ರಿ ಮುಗಿಸಿ ಬಂದ ನಾನು ನಡುವೆ. ಮೇಲಿನವರ ಮಾತನ್ನು ಕೆಳಗಿನವರ ಸ್ಪ್ಯಾನಿಷ್‌ಗೆ ಇಳಿಸುವುದು ನನ್ನ ಕೆಲಸ. ಇಳಿಸುವಾಗ ಬೈಗುಳವನ್ನು ಸೋಸಿಬಿಡುತ್ತಿದ್ದೆ. ಸೋಸಿದ್ದೆಲ್ಲ ನನ್ನ ಡೈರಿಯಲ್ಲಿತ್ತು, ತಾರೀಖಿನ ಸಮೇತ.

ಕೋಳಿ ಕೊಯ್ಯುವವರ ಸಾಲಿನ ಕೊನೆಗೆ ಒಂದು ಮೇಜು. ಅದರ ಮೇಲೆ ಕೈಹಿಡಿತದ ಬಲ ಅಳೆಯುವ ಯಂತ್ರ. ಎಲುಬು ಬಿಡಿಸುವ ಹೆಂಗಸರೆಲ್ಲ ಅದನ್ನು ಹಿಚುಕಬೇಕು. ಮುಳ್ಳು ಇಪ್ಪತ್ತೆರಡು ಕಿಲೋ ಮುಟ್ಟದಿದ್ದರೆ ಸೋಮವಾರದಿಂದ ಕೆಲಸವಿಲ್ಲ. ಹರೆಯದವರನ್ನು ಬೆಳಿಗ್ಗೆ, ಪಾಳಿ ಶುರುವಾಗುವ ಮೊದಲೇ ಅಳೆದಿದ್ದರು. ಐವತ್ತು ದಾಟಿದವರನ್ನು ಈಗ ಕರೆಯುತ್ತಿದ್ದರು, ಏಳು ಗಂಟೆ ಕೋಳಿ ಕೊಯ್ದ ಮೇಲೆ.

ಅವ್ವ ಹಿಚುಕಿದಳು. ಹತ್ತೊಂಬತ್ತು.

ಉಸಿರು ಹೊಗೆಯಾಡುವಷ್ಟು ಚಳಿಯ ಆ ಕೋಣೆಯಲ್ಲಿ ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು. ಇದ್ದಕ್ಕಿದ್ದಂತೆ ಒಳಗಿನಿಂದ ಉರಿ ಏಳುವ ವಯಸ್ಸು. “ರಮೋನಕ್ಕನ ಪಕ್ಕ ನಿಂತ್ರೆ ಒಲೆ ಬ್ಯಾಡ ಕಣ್ರೇ,” ಎನ್ನುತ್ತ ಇಪ್ಪತ್ತನಾಲ್ಕರ ಮಾರಿಸೋಲ್ ದಿನವೂ ಅವ್ವನಿಗೆ ಒತ್ತಿಕೊಂಡೇ ನಿಲ್ಲುತ್ತಿದ್ದಳು. ಬೆಳಿಗ್ಗೆ ಆ ಹುಡುಗಿಯದು ಮೂವತ್ತನಾಲ್ಕು ಕಿಲೋ ಬಂದಿತ್ತು.

ಟ್ರೆಂಟ್ ಗೋಡೆಯ ಚಿತ್ರಕ್ಕೆ ಪೆನ್ನು ಬಡಿದ. ಅದರಲ್ಲಿ ಹೆಂಗಸರ ಕೈಬಲದ ಗೆರೆ ಐವತ್ತರ ವಯಸ್ಸಿನ ಹತ್ತಿರ ಜಾರಿ ಕೆಳಗಿಳಿದಿತ್ತು. “ಇದು ವಿಜ್ಞಾನ. ನಾನು ಹೇಳ್ತಿಲ್ಲ, ಇವಳ ಮೈಯೇ ಹೇಳ್ತಿದೆ.”

“ಏನಂತೆ ಆ ಗೆರೆ?” ಅವ್ವ ಕೇಳಿದಳು.

“ಮುಟ್ಟು ನಿಂತ ಮ್ಯಾಲೆ ಕಸುವು ಇಳೀತದಂತೆ.”

“ಇಳಿದೈತೆ. ಯಾರು ಇಲ್ಲ ಅಂದೋರು? ನಿನ್ನ ಒಂದ್ ಕಂಕುಳಲ್ಲಿ, ನೀರಿನ ಕೊಡ ಇನ್ನೊಂದ್ರಾಗೆ ಇಟ್ಕೊಂಡು ದಿಬ್ಬ ಹತ್ತುತಿದ್ದೆ. ಈಗ ಮೆಣಸಿನಕಾಯಿ ಬಾಟ್ಲಿ ಮುಚ್ಚಳ ತಿರುಗ್ಸಾಕೂ ನೀನೇ ಬೇಕು. ಅದನ್ನ ಹೇಳಾಕೆ ಇವ್ನಿಗೆ ಯಂತ್ರ ಬೇಕಾ? ನನ್ ಮುಟ್ಟು ಯಾವಾಗ ನಿಲ್ತು ಅಂತ ಈ ಮುಂಡೇಮಗನಿಗೆ ಗೊತ್ತು. ಸಾಣೆ ಯಾವಾಗ ನಿಲ್ತು ಅಂತ ಗೊತ್ತಾ? ಕೇಳು.”

ಮೊದಲು ಊಟದ ಬಿಡುವಿನಲ್ಲಿ ಹರಿತವಾದ ಬೇರೆ ಚಾಕು ಕೊಡುತ್ತಿದ್ದರು. ಸಾಣೆ ಹಿಡಿಯುವ ಲೂಥರ್‌ನನ್ನು ಚಳಿಗಾಲದಲ್ಲಿ ಮನೆಗೆ ಕಳಿಸಿದ ಮೇಲೆ ಇಡೀ ಪಾಳಿಗೆ ಒಂದೇ. ಹತ್ತು ಗಂಟೆಗೆಲ್ಲ ಅದು ಮೊಂಡು. ಆಮೇಲೆ ಕೊಯ್ಯುವುದು ಅಲಗಲ್ಲ, ಮಣಿಕಟ್ಟು.

“ಚಾಕು ಹರಿತ ಇಲ್ಲ ಅಂತಾಳೆ, ಸರ್,” ಎಂದೆ.

“ಕೈಲಾಗದವರೆಲ್ಲ ಚಾಕುವಿಗೇ ಬೈಯೋದು.”

ಅವ್ವ ಹರಿಯುವ ಪಟ್ಟಿಯಿಂದ ಒಂದು ಕೋಳಿ ಎತ್ತಿ ಮೇಜಿನ ಮೇಲೆ, ಆ ಯಂತ್ರದ ಪಕ್ಕಕ್ಕೆ ಒಗೆದಳು. ತನ್ನ ಚಾಕುವಿನ ಹಿಡಿಕೆಯನ್ನು ಟ್ರೆಂಟ್‌ನತ್ತ ಚಾಚಿದಳು. “ಕುಯ್ಯಿ. ನಿಂಗೆ ಮುಟ್ಟೇ ಇಲ್ವಲ್ಲ, ನಿಲ್ಲಾಕೆ.”

ಸಾಲಿಗೆ ಸಾಲೇ ನಕ್ಕಿತು. ನಗುವಿನ ಅರ್ಥ ಅವನು ಕೇಳಿದ. ಸೋಸದೆ ಹೇಳಿದೆ.

ಕೆಂಪಗಾಗಿ ಚಾಕು ಕಿತ್ತುಕೊಂಡ. ರೆಕ್ಕೆಯ ಬುಡಕ್ಕಿಟ್ಟು ಎಳೆದ. ಚರ್ಮದ ಮೇಲೆ ಜಾರಿತು. ಇನ್ನೊಮ್ಮೆ ಎಳೆದ. ಮೂರನೆಯ ಸಲ ಮೈಭಾರವನ್ನೆಲ್ಲ ಹೇರಿದಾಗ ಕೋಳಿ ನುಣುಚಿ ನೆಲಕ್ಕೆ ಬಿತ್ತು, ಅವನ ಬಿಳಿ ಕೋಟಿಗೆ ರಕ್ತದ ನೀರು ಚಿಮ್ಮಿತು.

“ಈ ಚಾಕು—” ಎಂದವನು ಅದನ್ನು ಮೇಜಿನ ಮೇಲೆ ಒಗೆದ.

ಅವ್ವ ಇನ್ನೊಂದು ಕೋಳಿ ಎತ್ತಿಕೊಂಡಳು. ಹೆಬ್ಬೆರಳಿನಿಂದ ಕೀಲು ಹುಡುಕಿ ಅದೇ ಮೊಂಡು ಚಾಕುವಿನಲ್ಲಿ ಒಂದೇ ಎಳೆತ. ರೆಕ್ಕೆ ಬೇರೆಯಾಯಿತು. ಆದರೆ ಹಿಡಿಕೆಗೆ ಕಚ್ಚಿದ ಬೆರಳು ಮಾತ್ರ ಬಿಚ್ಚಿಕೊಳ್ಳಲಿಲ್ಲ. ಎಡಗೈಯಿಂದ ಒಂದೊಂದನ್ನೇ ಬಿಡಿಸಿಕೊಂಡಳು.

“ಹತ್ತೊಂಬತ್ತು ಅಂದ್ರೆ ಹತ್ತೊಂಬತ್ತೇ,” ಎಂದ ಟ್ರೆಂಟ್. “ಸೋಮವಾರ ಬರೋದು ಬೇಡ. ಹೇಳು.”

ಹೇಳಿದೆ. ಅಷ್ಟನ್ನೇ.

ಅವ್ವ ನನ್ನ ಮುಖ ನೋಡಿದಳು. “ನಾನಂದಿದ್ದನ್ನೂ ಹಂಗೇ ಹೇಳು, ಒಂದಕ್ಷರ ನುಂಗಬ್ಯಾಡ. ಈ ಯಂತ್ರ ತಗೊಂಡೋಗಿ ನಿಮ್ಮವ್ವನ ಕೈಗೆ ಕೊಡು ಕಣ್ಲಾ, ನಾಯಿನನ್ಮಗನೆ. ಅವಳ್ದೂ ನಿಂತಿರ್ತದೆ. ಹಿಚುಕ್ಸಿ ನೋಡು. ಇಪ್ಪತ್ತೆರಡು ಬರ್ಲಿಲ್ಲ ಅಂದ್ರೆ ಅವಳ್ನೂ ಸೋಮವಾರದಿಂದ ಮನೆಯಿಂದಾಚೆ ನೂಕು.”

ಹೇಳಿದೆ. ನಾಯಿನನ್ಮಗ ಎಂಬುದನ್ನೂ ಬಿಡದೆ. ಯಂತ್ರಗಳ ಸದ್ದಿನ ಮೇಲೆ ನನ್ನ ದನಿ ನನಗೇ ಮೊದಲ ಸಲ ಕೇಳಿಸಿತು.

ಅವ್ವ ಚಾಕುವನ್ನು ಪಟ್ಟಿಯ ಮೇಲೆ, ಎರಡು ಕೋಳಿಗಳ ನಡುವೆ ಇಟ್ಟಳು. ಅದು ಹೊರಟಿತು. ಮಾರಿಸೋಲ್ ತನ್ನದನ್ನೂ ಇಟ್ಟಳು, ಮೂವತ್ತನಾಲ್ಕು ಕಿಲೋದ ಕೈಯಿಂದ. ಆಚೆಯವಳು ಇಟ್ಟಳು. ಅವಳಾಚೆಯವಳು.

“ಚಾಕು ಎತ್ಕೊಳ್ಳೋಕೆ ಹೇಳು!” ಟ್ರೆಂಟ್ ನನ್ನತ್ತ ಕಿರುಚಿದ. “ಹೇಳೇ ಅವರಿಗೆ!”

ನಾನು ಬಾಯಿ ತೆರೆಯಲಿಲ್ಲ. ಹದಿನೇಳು ಮೊಂಡು ಚಾಕುಗಳು ಕೋಳಿಗಳ ನಡುವೆ ಮಲಗಿ ಪ್ಯಾಕಿಂಗ್ ಕಡೆಗೆ ಸಾಗುತ್ತಿದ್ದವು.