ಜೈಭೀಮ ಹೊತ್ತ ಎರಡು ಚೀಲ

ಶಹಾಪುರದ ಒಂದು ಅಕ್ಕಿ ಗಿರಣಿಯ ಹಮಾಲಿ ಸಂಘಕ್ಕೆ ಪಂಪಣ್ಣ ಕಾರ್ಯದರ್ಶಿಯಾಗಿ ಇಪ್ಪತ್ತೆರಡು ವರ್ಷ. ಸಂಘದಲ್ಲಿ ಈಗ ಉಳಿದವೆಲ್ಲ ನೆರೆತ ತಲೆಗಳೇ. ಹುಡುಗರನ್ನು ಸೇರಿಸಲು ಅವನು ಮಾಡದ ಉಪಾಯವಿಲ್ಲ. ಐತವಾರದ ಸಭೆಗೆ ಬಿಸಿ ಬಿಸಿ ಮಿರ್ಚಿ ಭಜಿ ತರಿಸಿದ. ಹುಡುಗರು ಬಂದರು, ತಿಂದರು, ಭಾಷಣ ಶುರುವಾದ ಕೂಡಲೇ ಕೈ ಒರೆಸಿಕೊಂಡು ಕಂಬಿ ಕಿತ್ತರು. ಭಾಷಣವೇನು ಸಣ್ಣದೇ? ಐವತ್ತು ಕಿಲೋಗಿಂತ ಭಾರದ ಚೀಲ ಹೊರುವುದಿಲ್ಲವೆಂದು ಹದಿನೆಂಟು ದಿನ ಕೆಲಸ ನಿಲ್ಲಿಸಿ ಗೆದ್ದ ಕಥೆ. ಒಂದು ತಾಸು ಹೇಳಿದರೂ ಕಥೆ ಮುಷ್ಕರದ ಮೂರನೇ ದಿನ ದಾಟುತ್ತಿರಲಿಲ್ಲ.

"ನಿಮ್ಮ ಕಾಲದ್ದು ನಮಗ್ಯಾಕ ಕಾಕಾ?" ಎನ್ನುತ್ತಿದ್ದ ಜೈಭೀಮ. ಇಪ್ಪತ್ತೊಂದರ ಹುಡುಗ, ಎತ್ತಿನಂಥ ಮೈ, ಗಿರಣಿಯ ಹುಡುಗರಿಗೆಲ್ಲ ಹೀರೊ.

ಈ ಹೀರೊ ಹೋದ ವಾರ ಒಂದು ಘನಂದಾರಿ ಕೆಲಸ ಮಾಡಿದ. ಗೆಳೆಯರು ಮೊಬೈಲ್ ಹಿಡಿದು ನಿಂತರು, ಇವನು ಬೆನ್ನ ಮೇಲೆ ಎರಡು ಚೀಲ ಹಾಕಿಸಿಕೊಂಡು ಲಾರಿಯ ಹಲಗೆ ಹತ್ತಿದ. ವಿಡಿಯೋ ಸುರಪುರ ದಾಟಿ ಹುಣಸಗಿ ತನಕ ಓಡಾಡಿತು. ಹೀರೊ ಮಾತ್ರ ಗೆಳೆಯನ ಲಗ್ನವೆಂದು ಎರಡು ದಿನ ಕೆಲಸಕ್ಕೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಮ್ಯಾನೇಜರ್ ಬಸಲಿಂಗ ಎಲ್ಲರನ್ನೂ ಕರೆದು ಅದೇ ವಿಡಿಯೋ ತೋರಿಸಿದ.

"ನೂರು ಕಿಲೋ ಹೊತ್ತು ನಗಾಕತ್ತಾನ ನೋಡ್ರಿ. ನಾಳಿಂದ ಎಪ್ಪತ್ತೈದರ ಚೀಲ ತುಂಬಸ್ತೀನಿ. ಆಗೂದಿಲ್ಲ ಅನ್ನವ್ರು ಮನ್ಯಾಗ ಇರ್ರಿ."

ಪಂಪಣ್ಣನಿಗೆ ಸಿಟ್ಟು ನೆತ್ತಿಗೇರಿತು. ಆ ಐವತ್ತು ಕಿಲೋ ಅವನ ಇಡೀ ಆಯುಷ್ಯದ ಗಳಿಕೆ. ಅದನ್ನು ಈ ಪೋರನ ಒಂದು ನಿಮಿಷದ ಶೋಕಿ ನುಂಗಿ ಹಾಕಬೇಕೇ?

"ಕಾಕಾ, ನೀವ ಏನರ ಹೇಳ್ರಿ," ಎಂದ ಜೈಭೀಮ ಮೆಲ್ಲಗೆ.

ಪಂಪಣ್ಣ ಬಾಯಿ ತೆರೆದ. ಹದಿನೆಂಟು ದಿನದ ಕಥೆ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ.

"ಹೊತ್ತಾಂವ ನೀ. ನೀನ ಹೇಳು."

ಜೈಭೀಮ ನೆಲ ನೋಡುತ್ತಲೇ ಹೇಳಿದ: "ಸಾಹೇಬ್ರ, ಲಗ್ನ ಅಂದಿದ್ದು ಸುಳ್ಳರಿ. ಅವತ್ತ ಮನಿಗಿ ಹೋದಾಂವ ಎರಡು ದಿನ ಬೋರಲ ಬಿದ್ದಿದ್ದೆ. ನಮ್ಮವ್ವ ಎಣ್ಣಿ ತಿಕ್ಕಿದ್ಳು. ಬಚ್ಚಲಕ್ಕ ಹೋಗಾಕೂ ಆಕಿ ಹೆಗಲ ಹಿಡೀಬೇಕಾತು."

ಯಾರೂ ನಗಲಿಲ್ಲ. ಹುಡುಗನ ಕಿವಿ ಕೆಂಪಾಗಿತ್ತು. ಪಂಪಣ್ಣನ ಸಿಟ್ಟು ಎಲ್ಲಿ ಹೋಯಿತೋ, ಅವನಿಗೆ ಹುಡುಗನ ಮೇಲೆ ಅಕ್ಕರೆ ಉಕ್ಕಿ ಬಂತು.

"ಐವತ್ತರ ಮ್ಯಾಲೆ ನಾ ಹೊರಂಗಿಲ್ರಿ," ಎಂದು ಜೈಭೀಮ ಚೀಲ ಎಳೆಯುವ ಕೊಕ್ಕೆಯನ್ನು ನೆಲಕ್ಕಿಟ್ಟ. ಅವತ್ತು ವಿಡಿಯೋ ಹಿಡಿದಿದ್ದ ಮೈನುದ್ದೀನ ತನ್ನದನ್ನೂ ಇಟ್ಟ. ಆಮೇಲೆ ಉಳಿದ ಹುಡುಗರು, ಅವರ ಹಿಂದೆ ಹಿರಿಯರು.

ಹೊರಗೆ ಮೂರು ಲಾರಿ ಹಾರ್ನ್ ಹೊಡೆಯುತ್ತಿದ್ದವು. ಬಸಲಿಂಗ ಮಧ್ಯಾಹ್ನದ ತನಕ ಗುರುಗುಟ್ಟಿದ, ಮಾಲೀಕರಿಗೆ ಎರಡು ಸಲ ಫೋನ್ ಹಚ್ಚಿದ. ಕೊನೆಗೆ, "ಐವತ್ತರದ ಇರ್ಲಿ, ಲಾರಿ ತುಂಬ್ರಿ," ಎಂದು ಒಳಗೆ ಹೋದ.

ಚಹಾ ಕುಡಿಯುವಾಗಲೂ ಜೈಭೀಮ ತಲೆ ಎತ್ತಲಿಲ್ಲ. "ಮರ್ಯಾದಿ ಹೋತು ಕಾಕಾ."

ಪಂಪಣ್ಣ ಆಚೀಚೆ ನೋಡಿದ. ದನಿ ತಗ್ಗಿಸಿದ. "ನನ್ನ ಬೆನ್ನೂ ಹೋಗಿ ಹನ್ನೆರಡು ವರ್ಷಾತು, ಮುಂಜಾನಿ ನಿಮ್ಮ ಕಾಕಿ ಕೈ ಹಿಡದು ಎಬ್ಬಸ್ತಾಳ ನನ್ನ. ಯಾರಿಗೂ ಹೇಳಿಲ್ಲ. ನಿನಗ ಹೇಳಾಕತ್ತೇನಿ."

ಹುಡುಗ ಈಗ ತಲೆ ಎತ್ತಿದ.

"ಇದೊಂದ ಬಿಟ್ಟು ಬಾಕಿ ಎಲ್ಲಾ ಹೇಳೀರಲ್ಲ ಕಾಕಾ. ಈ ಐತವಾರ ಇದನ್ನ ಹೇಳ್ರಿ. ಹುಡುಗರನ್ನ ನಾ ಕರ್ಕೊಂಡು ಬರ್ತೀನಿ."