ತೆರೆದ ಸಂಶೋಧನೆ, ಟೈಲರಮ್ಮನಿಗೆ ಮರಳಿದ ಮಾತು

ಟೈಲರಮ್ಮನ ಬಾಯಿ ಜೋರೋ, ಅವಳ ಹೊಲಿಗೆ ಮಿಷನ್ನಿನ ಸದ್ದು ಜೋರೋ ಎಂದು ಆ ಬೀದಿಯಲ್ಲಿ ಯಾರಿಗೂ ತೀರ್ಮಾನಿಸಲು ಆಗಿರಲಿಲ್ಲ. ಅಂಗಿಯ ಅಳತೆ ಕೊಡಲು ಬಂದವರು ಅರ್ಧ ಊರಿನ ಸುದ್ದಿ ಕೇಳಿಕೊಂಡು ಹೋಗುತ್ತಿದ್ದರು. ಅವಳ ಗಂಡ ಬಸ್ ಓಡಿಸಿ ನಿವೃತ್ತನಾದವನು, ಎಲ್ಲರಿಗೂ ಡ್ರೈವರಣ್ಣ. ಮನೆಯಲ್ಲಿ ಮಾತಿನ ಖಾತೆಯನ್ನು ಅವನು ಮದುವೆಯಾದ ವಾರವೇ ಹೆಂಡತಿಗೆ ಬಿಟ್ಟುಕೊಟ್ಟಿದ್ದ.

ಒಂದು ಬೆಳಿಗ್ಗೆ ಕಾಲರ್ ಹೊಲಿಯುತ್ತ ಕುಳಿತಿದ್ದ ಟೈಲರಮ್ಮನಿಗೆ ಪಾರ್ಶ್ವವಾಯು ಬಡಿಯಿತು. ಬೇಗ ಆಸ್ಪತ್ರೆಗೆ ಸೇರಿಸಿದ್ದರಿಂದ ಜೀವ ಉಳಿಯಿತು. ಬಲಗೈ, ಬಲಗಾಲು ಮೆಲ್ಲಮೆಲ್ಲಗೆ ಹಿಡಿತಕ್ಕೆ ಬಂದವು. ಮಾತು ಮಾತ್ರ ಬರಲಿಲ್ಲ. ಬೇರೆಯವರು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು. ಆದರೆ ತಾನು ಬಾಯಿ ತೆರೆದರೆ ಹೊರಗೆ ಬರುತ್ತಿದ್ದುದು ಒಂದೇ ಪದ, "ಬೇಡ". ಕಾಫಿ ಕೊಡಲೇ ಎಂದರೆ "ಬೇಡ" ಎನ್ನುತ್ತಲೇ ಲೋಟಕ್ಕೆ ಕೈಚಾಚುತ್ತಿದ್ದಳು. ಮೊದಮೊದಲು ಮನೆಯವರೂ ನಕ್ಕರು, ಅವಳೂ ನಕ್ಕಳು. ಬರುಬರುತ್ತ ಅವಳಿಗೆ ನಗುವುದೂ ಸಾಕಾಯಿತು. ಗಿರಾಕಿಗಳು ಬಂದರೆ ಒಳಗೆ ಎದ್ದುಹೋಗತೊಡಗಿದಳು. ಮನೆ ಭಣಗುಟ್ಟಿತು. ಹೆಂಡತಿಯ ಬೈಗುಳ ಕೇಳದೆ ಡ್ರೈವರಣ್ಣನಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಅವನು ಹಿತ್ತಲಿನ ನಲ್ಲಿಯಲ್ಲಿ ಬಕೆಟ್ ತುಂಬಿಸುತ್ತಿದ್ದ. ಒಳಗಿನಿಂದ ಜೋಗುಳ ಕೇಳಿಸಿತು. ಸೊಸೆ ಹಾಡುತ್ತಿದ್ದಾಳೆ ಎಂದುಕೊಂಡ. ಆದರೆ ಸೊಸೆ ಅವನ ಎದುರಿಗೇ ಬಟ್ಟೆ ಒಣಹಾಕುತ್ತ ನಿಂತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಕೆಟ್ ತುಂಬಿ ಹರಿಯುವುದನ್ನು ಅಲ್ಲೇ ಬಿಟ್ಟು ಒಳಗೆ ಓಡಿದರು. ತೊಟ್ಟಿಲ ಪಕ್ಕ ಕುಳಿತಿದ್ದ ಟೈಲರಮ್ಮ ಮೊಮ್ಮಗಳಿಗೆ ಜೋಗುಳವನ್ನು ಒಂದು ಪದವೂ ತಪ್ಪದಂತೆ, ಸ್ಪಷ್ಟವಾಗಿ ಹಾಡುತ್ತಿದ್ದಳು.

"ಅದನ್ನೇ ಮಾತಲ್ಲಿ ಹೇಳು ನೋಡೋಣ" ಎಂದ ಡ್ರೈವರಣ್ಣ, ಏದುಸಿರು ಬಿಡುತ್ತ.

ಅವಳು ತುಟಿ ಆಡಿಸಿದಳು, ಕಷ್ಟಪಟ್ಟಳು. "ಬೇಡ" ಎಂದಳು. ಕಣ್ಣಲ್ಲಿ ನೀರು ತುಂಬಿತು.

ಹಾಡಲು ಬರುವ ಬಾಯಿಗೆ ಮಾತಾಡಲು ಬಾರದೆ ಹೋಗುವುದು ಹೇಗೆ? ಸೊಸೆ ಫೋನಿನಲ್ಲಿ ಹುಡುಕಿದಳು. ಇಂಥವರಿಗೆ ರಾಗದ ದಾರಿ ಹಿಡಿದು ಮಾತು ಕಲಿಸಬಹುದೇ ಎಂದು ಪರೀಕ್ಷಿಸಿದ ಒಂದು ಸಂಶೋಧನಾ ಪ್ರಬಂಧ ಸಿಕ್ಕಿತು. ನಾಲ್ಕಾರು ಸಾಲಿನ ಸಾರಾಂಶ ಓದುವಷ್ಟರಲ್ಲಿ ಪುಟ ನಿಂತುಹೋಯಿತು. ಮುಂದೆ ಓದಬೇಕಾದರೆ ಹಣ ಕಟ್ಟಿ ಎಂದು ಬರೆದಿತ್ತು. ಹಣವೂ ಕಡಿಮೆಯದಲ್ಲ. ಕಟ್ಟಿದ ಮೇಲೆ ಒಳಗಿರುವುದು ತಮಗೆ ಉಪಯೋಗಕ್ಕೆ ಬರುತ್ತದೋ ಇಲ್ಲವೋ ಅದೂ ಗೊತ್ತಿಲ್ಲ.

"ಬೋರ್ಡ್ ಓದೋಕೇ ಬಸ್ಸು ಕೊಂಡ್ಕೋ ಅಂದಂಗಾಯ್ತು" ಎಂದ ಡ್ರೈವರಣ್ಣ.

ಮರುದಿನ ಆಸ್ಪತ್ರೆಗೆ ಹೋಗಿ, ಹೆಂಡತಿಗೆ ಮಾತಿನ ಅಭ್ಯಾಸ ಮಾಡಿಸುತ್ತಿದ್ದ ಥೆರಪಿಸ್ಟ್‌ಗೆ ಇದನ್ನೆಲ್ಲ ಹೇಳಿದ. ಆಕೆ ಗಮನವಿಟ್ಟು ಕೇಳಿದಳು. ಮಾತಿಗೆ ಮುಖ್ಯವಾದ ಮೆದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದಿದೆ, ಹಾಡಿಗೆ ಬಲಭಾಗವೂ ನೆರವಾಗುತ್ತದೆ, ಅದಕ್ಕೇ ಹಾಡು ಉಳಿದಿರಬೇಕು ಎಂದಳು. ಇಂಥದ್ದೊಂದು ವಿಧಾನ ಇದೆಯೆಂದು ಕಾಲೇಜಿನಲ್ಲಿ ಓದಿದ್ದಳಂತೆ. ಆದರೆ ಯಾರಿಗೆ, ಹೇಗೆ, ಎಷ್ಟು ನಿಧಾನವಾಗಿ ಮಾಡಿಸಬೇಕೆಂಬ ವಿವರವೆಲ್ಲ ಇಂಥ ಪ್ರಬಂಧಗಳಲ್ಲೇ ಇರುವುದು, ತಮ್ಮ ಸಣ್ಣ ಆಸ್ಪತ್ರೆ ಅವು ಅಚ್ಚಾಗುವ ಸಂಶೋಧನಾ ಪತ್ರಿಕೆಗಳಿಗೆ ಚಂದಾ ಕಟ್ಟುವುದಿಲ್ಲ, ಹಿಂದೆ ತಾನೂ ಹಣ ಕೇಳುವ ಅದೇ ಬಾಗಿಲ ತನಕ ಹೋಗಿ ಹಿಂದಿರುಗಿದ್ದೆ ಎಂದಳು. ಡ್ರೈವರಣ್ಣನಿಗೆ ಆಶ್ಚರ್ಯವಾಯಿತು. ತನ್ನಂಥವರಿಗೆ ಬಾಗಿಲು ಹಾಕಿದ್ದಾರೆ ಸರಿ, ವಾಸಿ ಮಾಡುವವರಿಗೂ ಹಾಕಿದ್ದಾರೆಂದು ಅವನು ಎಣಿಸಿರಲಿಲ್ಲ.

ಅವರ ಬೀದಿಯ ಮೂಲೆಯಲ್ಲೇ ಸಾರ್ವಜನಿಕ ಗ್ರಂಥಾಲಯ. ಅದನ್ನು ನೋಡಿಕೊಳ್ಳುವ ಹೆಂಗಸು ಪಕ್ಕದ ಮನೆಯವಳು, ಎಲ್ಲರ ಬಾಯಲ್ಲೂ ಲೈಬ್ರರಿ ತಂಗಿ. ಸೊಸೆಯೊಡನೆ ಡ್ರೈವರಣ್ಣ ಅವಳ ಮೇಜಿನ ಮುಂದೆ ಹೋಗಿ ಕುಳಿತ. ಅವಳು ಪ್ರಬಂಧದ ಹೆಸರನ್ನು ಕಂಪ್ಯೂಟರಿನಲ್ಲಿ ಹಾಕಿ ಹುಡುಕಿದಳು. ಪತ್ರಿಕೆಯ ಪುಟದಲ್ಲಿ ಬೀಗ ಹಾಕಿದ್ದ ಅದೇ ಪ್ರಬಂಧದ ಲೇಖಕರ ಪ್ರತಿ, ಅವರ ವಿಶ್ವವಿದ್ಯಾಲಯದ ತಾಣದಲ್ಲಿ ಯಾರು ಬೇಕಾದರೂ ಓದುವಂತೆ ತೆರೆದಿತ್ತು.

ಡ್ರೈವರಣ್ಣನಿಗೆ ಸಂತೋಷಕ್ಕಿಂತ ಅನುಮಾನವೇ ಹೆಚ್ಚಾಯಿತು. "ಅಲ್ಲಿ ಅಷ್ಟು ದುಡ್ಡು ಕೇಳ್ತಾರೆ, ಇಲ್ಲಿ ಬಿಟ್ಟಿ ಕೊಡ್ತಾರೆ. ಇದು ಕದ್ದ ಮಾಲೋ, ಕಳಪೆ ಮಾಲೋ?"

"ಎರಡೂ ಅಲ್ಲ ಅಣ್ಣ" ಎಂದಳು ಲೈಬ್ರರಿ ತಂಗಿ. "ಎಷ್ಟೋ ಸಂಶೋಧನೆ ನಡೆಯೋದು ನಮ್ಮ ನಿಮ್ಮ ತೆರಿಗೆ ದುಡ್ಡಲ್ಲೇ. ಅಲ್ಲಿ ಕೇಳೋ ಹಣ ಸಾಮಾನ್ಯವಾಗಿ ಬರೆದವರಿಗೆ ಹೋಗಲ್ಲ, ಪತ್ರಿಕೆ ನಡೆಸೋರಿಗೆ ಹೋಗುತ್ತೆ. ಅದಕ್ಕೇ ಈಗ ತುಂಬ ಜನ ತಮ್ಮ ಪ್ರಬಂಧಗಳನ್ನ ಎಲ್ಲರೂ ಓದೋ ಹಾಗೆ ತೆರೆದಿಡ್ತಾರೆ. ಮುಕ್ತ ಪ್ರವೇಶ ಅಂತಾರೆ ಇದಕ್ಕೆ. ಪತ್ರಿಕೆಯವರ ಒಪ್ಪಿಗೆಯಿಂದಲೇ ಇಟ್ಟಿರೋದು ಇದು."

ಹಾಗಾದರೆ ತೆರೆದಿಟ್ಟದ್ದೆಲ್ಲ ನಂಬಬಹುದೇ ಎಂದು ಸೊಸೆ ಕೇಳಿದಳು. ಅದಕ್ಕೂ ಲೈಬ್ರರಿ ತಂಗಿ ಉತ್ತರ ಹೇಳಿದಳು. ಬರೆದವರಿಂದ ಹಣ ತೆಗೆದುಕೊಂಡು ಏನನ್ನು ಕೊಟ್ಟರೂ ಅಚ್ಚು ಹಾಕುವ ಪತ್ರಿಕೆಗಳೂ ಇವೆ. ಆದ್ದರಿಂದ ಬೇರೆ ತಜ್ಞರು ಪರಿಶೀಲಿಸಿದ ಮೇಲೆ ಪ್ರಕಟವಾದದ್ದೇ ಎಂದು ನೋಡಿಕೊಳ್ಳಬೇಕು. ರೋಗದ ವಿಷಯವಾದರಂತೂ ಓದಿ ತಾವೇ ವೈದ್ಯರಾಗಿಬಿಡಬಾರದು, ತಿಳಿದವರಿಗೆ ತೋರಿಸಿಯೇ ಮುಂದುವರಿಯಬೇಕು.

ಆ ಪ್ರಬಂಧದಲ್ಲಿ ಅಭ್ಯಾಸದ ಪೂರ್ತಿ ಕ್ರಮ ಇರಲಿಲ್ಲ. ಅದು ಈ ಪ್ರಬಂಧ ಬರೆದ ಸಂಶೋಧಕಿಯದೇ ಇನ್ನೊಂದು ಲೇಖನದಲ್ಲಿತ್ತು, ಅದಕ್ಕೆ ನಿಜಕ್ಕೂ ಬೀಗ. ಅವರಿಗೇ ಇಮೇಲ್ ಬರೆದು ಒಂದು ಪ್ರತಿ ಕೇಳಿ ಎಂದಳು ಲೈಬ್ರರಿ ತಂಗಿ. ಡ್ರೈವರಣ್ಣ ಹಿಂಜರಿದ. ಸ್ಟಿಯರಿಂಗ್ ತಿರುಗಿಸಿಕೊಂಡಿದ್ದವನಿಗೆ ಅಷ್ಟು ದೊಡ್ಡವರು ಉತ್ತರ ಬರೆಯುತ್ತಾರೆಯೇ? ಸೊಸೆ ಅವನ ಮಾತಿಗೆ ಕಾಯಲಿಲ್ಲ, ಅಲ್ಲೇ ಕುಳಿತು ಬರೆದು ಕಳಿಸಿದಳು.

ಮರುದಿನ ಬೆಳಿಗ್ಗೆ ಕಾಫಿ ಆರುವ ಮುಂಚೆಯೇ ಉತ್ತರ ಬಂದಿತ್ತು. ಸಂಶೋಧಕಿ ಇಡೀ ಲೇಖನವನ್ನು ಕಳಿಸಿದ್ದರು. ತಾವು ಬರೆದದ್ದನ್ನು ರೋಗಿಯೊಬ್ಬರ ಮನೆಯವರು ಓದಲು ಕೇಳಿದ್ದು ಇದೇ ಮೊದಲು, ಬಹಳ ಖುಷಿಯಾಯಿತು, ದಯವಿಟ್ಟು ಥೆರಪಿಸ್ಟ್ ಜೊತೆ ಸೇರಿಯೇ ಮಾಡಿ ಎಂದು ಬರೆದಿದ್ದರು. ಡ್ರೈವರಣ್ಣ ಸೊಸೆಯ ಕೈಯಲ್ಲಿ ಆ ಪತ್ರವನ್ನು ಮತ್ತೆ ಮತ್ತೆ ಓದಿಸಿಕೊಂಡ.

ಥೆರಪಿಸ್ಟ್ ಎರಡನ್ನೂ ಓದಿ, ಟೈಲರಮ್ಮನನ್ನು ಮತ್ತೊಮ್ಮೆ ಪರೀಕ್ಷಿಸಿದಳು. ಎಲ್ಲರಿಗೂ ಇದು ಫಲ ಕೊಡುವುದಿಲ್ಲ, ಈಕೆಗೆ ಕೊಡಬಹುದು, ತಾಳ್ಮೆ ಬೇಕು ಎಂದಳು. ಅಭ್ಯಾಸ ಶುರುವಾಯಿತು. ಟೈಲರಮ್ಮ ಎಡಗೈಯಿಂದ ತಾಳ ತಟ್ಟುತ್ತ, ಎದುರಿಗಿರುವವರ ಜೊತೆ ಪುಟ್ಟ ಪುಟ್ಟ ಮಾತುಗಳನ್ನು ರಾಗವಾಗಿ ಹೇಳಬೇಕು. ಆಮೇಲೆ ರಾಗವನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಮನೆಯಲ್ಲಿ ಜೊತೆ ಹಾಡುವ ಕೆಲಸ ಡ್ರೈವರಣ್ಣನ ಪಾಲಿಗೆ ಬಂತು.

ಅವನ ಕಂಠ ಗೇರ್ ಬದಲಿಸುವಾಗಿನ ಹಳೇ ಬಸ್ಸಿನದು. "ನೀರು ಕೊಡು" ಎಂದು ಅವನು ಹಾಡಿದರೆ ತೊಟ್ಟಿಲಲ್ಲಿದ್ದ ಮಗು ಬೆಚ್ಚಿ ಎದ್ದಿತು. ಟೈಲರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಸುಧಾರಿಸಿಕೊಂಡು, ತಾಳ ತಟ್ಟಿ, ತಾನೇ ಹಾಡಿದಳು: "ನೀರು ಕೊಡು." ಎಷ್ಟೋ ತಿಂಗಳ ಮೇಲೆ ಅವಳು ಬಾಯಿಬಿಟ್ಟು ಕೇಳಿದ ನೀರು ಅದು. ಡ್ರೈವರಣ್ಣ ಚೊಂಬೇ ತಂದು ಮುಂದಿಟ್ಟ.

ಅಂದಿನಿಂದ ಮನೆಯಲ್ಲಿ ಎಲ್ಲಕ್ಕೂ ರಾಗ. ಸೊಸೆ ರಾಗವಾಗಿ ಊಟಕ್ಕೆ ಕರೆಯುವಳು, ಡ್ರೈವರಣ್ಣ ರಾಗವಾಗಿ ಚಪ್ಪಲಿ ಎಲ್ಲಿ ಎಂದು ಕೇಳುವನು. ಪೇಪರ್ ಹಾಕುವವನು ಬಾಗಿಲಲ್ಲಿ ಒಂದು ಗಳಿಗೆ ನಿಂತು ಕೇಳಿಕೊಂಡು ಹೋಗುತ್ತಿದ್ದ. ಕೆಲವು ದಿನ ಏನೂ ಬರದೆ ಟೈಲರಮ್ಮ ಮುನಿಸಿಕೊಂಡು ಗೋಡೆ ಕಡೆ ತಿರುಗಿ ಮಲಗುವಳು. ಮರುದಿನ ತಾನೇ ಎದ್ದು ಬಂದು ತಾಳ ತಟ್ಟುವಳು. ಮಾತುಗಳು ಒಂದೊಂದಾಗಿ ಕೂಡಿಕೊಂಡವು. ಅವಳು ಮತ್ತೆ ಮಿಷನ್ನಿನ ಮುಂದೆ ಕುಳಿತಳು.

ಒಂದು ಸಂಜೆ ಗಿರಾಕಿಯೊಬ್ಬಳು ಅಂಗಿ ಯಾವಾಗ ಸಿಗುತ್ತದೆ ಎಂದು ಕೇಳಿದಳು. ಡ್ರೈವರಣ್ಣ ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮಿಷನ್ ಹಿಂದಿನಿಂದ ನಿಧಾನವಾಗಿ, ರಾಗವಿಲ್ಲದೆ, ಬರಿಯ ಮಾತು ಕೇಳಿಸಿತು.

"ನಾಳೆ... ಬಾಮ್ಮ. ತೋಳು... ಬಾಕಿ ಇದೆ."

ಡ್ರೈವರಣ್ಣ ಸಂತೋಷ ತಡೆಯಲಾಗದೆ ಗಿರಾಕಿಯ ಎದುರಿಗೇ ದನಿಯೆತ್ತಿ ಹಾಡತೊಡಗಿದ. ಟೈಲರಮ್ಮ ಕತ್ತರಿ ಕೆಳಗಿಟ್ಟು ಅವನನ್ನೇ ದಿಟ್ಟಿಸಿದಳು.

"ರೀ... ನಿಮ್ಮ ಹಾಡು... ಇನ್ನು ಸಾಕು."

ಅಷ್ಟು ಚೆಂದದ ಬೈಗುಳವನ್ನು ಅವನು ಜನ್ಮದಲ್ಲೇ ಕೇಳಿರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಕಷ್ಟಕ್ಕೂ ಎಲ್ಲೋ ಯಾರೋ ಉತ್ತರ ಹುಡುಕಿ ಬರೆದಿಟ್ಟಿರಬಹುದು. "ಹಣ ಕಟ್ಟಿ" ಎಂಬ ಪುಟ ಕಂಡ ಕೂಡಲೇ ಹಿಂದಿರುಗಬೇಡಿ. ಅದೇ ಹೆಸರಿನ ತೆರೆದ ಪ್ರತಿ ಇದೆಯೇ ಎಂದು ಹುಡುಕಿ, ಗ್ರಂಥಾಲಯದಲ್ಲಿ ವಿಚಾರಿಸಿ, ಬರೆದವರನ್ನೇ ಸಂಕೋಚವಿಲ್ಲದೆ ಕೇಳಿ. ಸಿಕ್ಕಿದ್ದನ್ನು ತಿಳಿದವರಿಗೆ ತೋರಿಸಿ ಬಳಸಿ. ಇನ್ನು ನಿಮ್ಮಲ್ಲಿ ಯಾರಾದರೂ ಸಂಶೋಧನೆ ಮಾಡುವವರಿದ್ದರೆ, ನೀವು ಬರೆದದ್ದನ್ನು ಎಲ್ಲರೂ ಓದುವಂತೆ ತೆರೆದಿಡಿ. ಯಾವ ಬೀದಿಯಲ್ಲಿ ಯಾರು ಅದಕ್ಕಾಗಿ ಕಾಯುತ್ತಿದ್ದಾರೋ ನಿಮಗೆ ಗೊತ್ತಿಲ್ಲ.